ಪದವಿನಲ್ಲಿ ಸಿಕ್ಕಿದ ಪುಟ್ಟ ಹಳದಿ ಹೂ, ಅವರೆ ಜಾತಿಯದು. ಯಾವ ಗಿಡ ಇದು?

ಅಲೆವೂರಿನಿಂದ
ಎಲ್ಲರಿಗೂ ನಮಸ್ಕಾರ. ಮಣಿಪಾಲ ದಾಟಿ ಅಲೆವೂರು ಕಡೆಗೆ ಹೋಗುವಾಗ ಸಿಗುವ ಒಂದು ಪದವಿನಲ್ಲಿ, ಅಂದರೆ ಮುರಕಲ್ಲಿನ (ಕೆಂಪುಕಲ್ಲಿನ) ಬಯಲಿನಲ್ಲಿ, ಈ ಹೂ ಕಂಡಿತು. ಮೂರು ಫೋಟೋ ಹಾಕಿದ್ದೇನೆ. ಹೂ ಹಳದಿ, ಆಕಾರ ನಮ್ಮ ಅಲಸಂಡೆ ಹೂವಿನದೇ, ಆದರೆ ಒಂದು ಸೆಂಟಿಮೀಟರಿಗಿಂತ ಕಮ್ಮಿ. ಗಿಡ ನೆಲ ಹಿಡಿದು ಹರಡಿದೆ, ತುದಿ ಮಾತ್ರ ಒಂದು ಗೇಣಿನಷ್ಟು ಮೇಲೆದ್ದಿದೆ. ಮುರಕಲ್ಲಿನ ಮೇಲೆ ಅಲ್ಲಲ್ಲಿ ಮಳೆನೀರು ನಿಂತಿರುತ್ತದಲ್ಲ, ಅದರ ಅಂಚಿನಲ್ಲೇ ಜಾಸ್ತಿ ಇದೆ. ಎಲೆ ಮುಟ್ಟಿದರೆ ನಿಧಾನಕ್ಕೆ ಮಡಚಿಕೊಳ್ಳುತ್ತದೆ.

ಗೂಗಲ್ ಲೆನ್ಸ್ ಒಂದು ಫೋಟೋಕ್ಕೆ ನೆಲಗಡಲೆ ಅಂತು, ಇನ್ನೊಂದಕ್ಕೆ ಬೇರೆ ಏನೋ. ಇದು ಊರಿನ ಗಿಡವಾ ಅಥವಾ ಹೊರಗಿನಿಂದ ಬಂದ ಕಳೆಯಾ ಅನ್ನೋದು ನನಗೆ ಮುಖ್ಯವಾಗಿ ಬೇಕು. ಯಾಕೆಂದರೆ ಆ ಜಾಗಕ್ಕೆ ಈಗಾಗಲೇ ಸರ್ವೆ ಕಲ್ಲು ಬಿದ್ದಿದೆ, ಮಳೆ ಮುಗಿದ ಮೇಲೆ ಸೈಟು ಮಾಡುತ್ತಾರಂತೆ. ಅಲ್ಲಿ ಏನೇನು ಉಂಟು ಅಂತ ಅದಕ್ಕಿಂತ ಮೊದಲು ಬರೆದಿಡಬೇಕು ಅಂತ ಆಸೆ.

ಬೆಳ್ಮಣ್ ತೋಟ
ಮುಟ್ಟಿದರೆ ಮಡಚುತ್ತದೆ ಅಂದಮೇಲೆ ನಾಚಿಕೆ ಮುಳ್ಳೇ ಇರಬೇಕು ಮಾರಾಯ್ರೇ. ನಮ್ಮ ಗುಡ್ಡೆ ತುಂಬ ಉಂಟು.

ಕಟಪಾಡಿ ಅಕ್ಕ
ನಾಚಿಕೆ ಮುಳ್ಳಿಗೆ ಗುಲಾಬಿ ಬಣ್ಣದ ಉಂಡೆ ಹೂ ಅಲ್ವಾ? ಇದು ಹಳದಿ. ಫೋಟೋದಲ್ಲಿ ಮುಳ್ಳೂ ಇಲ್ಲ. ನನಗೆ ತಜಂಕ್ ಸಸಿಯ ನೆನಪಾಯಿತು. ಆಟಿ ತಿಂಗಳ ಮಳೆಯಲ್ಲಿ ಪದವಿನಿಂದಲೇ ತರುತ್ತಿದ್ದೆವು, ಅದರ ಹೂವೂ ಹಳದಿ.

ಸುರತ್ಕಲ್ ಕ್ಯಾಮೆರಾ
ಹೆದ್ದಾರಿಯ ಡಿವೈಡರಿನಲ್ಲಿ ಹುಲ್ಲಿನ ಬದಲು ನೆಡುತ್ತಾರಲ್ಲ, ಹಳದಿ ಹೂವಿನ ನೆಲಗಡಲೆ ಬಳ್ಳಿ? ಅರಾಕಿಸ್ ಪಿಂಟೋಯ್. ಅದೇ ತಪ್ಪಿಸಿಕೊಂಡು ಪದವಿಗೆ ಬಂದಿರಬಹುದು. ಬ್ರೆಜಿಲ್ ಮೂಲದ್ದು, ಅಡಿಕೆ ತೋಟದಲ್ಲೂ ನೆಲ ಮುಚ್ಚಲು ಹಾಕುತ್ತಾರೆ.

ಮೂಡಬಿದ್ರೆ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಹೆಸರು ಹೇಳುವ ಮೊದಲು ಒಂದು ಮಾತು. ಅವರೆ ಕುಟುಂಬದಲ್ಲಿ ಹೂವನ್ನೇ ನೋಡುತ್ತಾ ಕೂತರೆ ಹೆಸರು ಸಿಗುವುದಿಲ್ಲ. ಅವರೆಯಂಥ ಹೂ ಬಿಡುವ ಎಲ್ಲದರಲ್ಲೂ ಒಂದೇ ಲೆಕ್ಕ: ಮೇಲೆ ಅಗಲದ ಒಂದು ಪತಾಕೆ ಎಸಳು, ಪಕ್ಕಕ್ಕೆ ಎರಡು ರೆಕ್ಕೆ, ಕೆಳಗೆ ಎರಡು ಸೇರಿ ಒಂದು ದೋಣಿ. ದೋಣಿಯ ಒಳಗೆ ಕೇಸರ ಮತ್ತು ಅಂಡಾಶಯ. ಅಲಸಂಡೆಯಲ್ಲೂ ಇದೇ, ಗುಲಗಂಜಿಯಲ್ಲೂ ಇದೇ, ಶಂಖಪುಷ್ಪದಲ್ಲೂ ಇದೇ, ತಲೆಕೆಳಗಾಗಿ ಅಷ್ಟೇ. ಇಡೀ ಕುಟುಂಬದಲ್ಲಿ ಸುಮಾರು 19,500 ಜಾತಿ ಇವೆ. ಆರ್ಕಿಡ್ ಮತ್ತು ಸೇವಂತಿಗೆ ಕುಟುಂಬ ಬಿಟ್ಟರೆ ಹೂಗಿಡಗಳಲ್ಲಿ ಇದೇ ದೊಡ್ಡದು. "ಹಳದಿ, ಅವರೆ ಹೂವಿನ ಆಕಾರ" ಅಂದರೆ ಸಾವಿರಾರು ಗಿಡ ಬಾಗಿಲಿಗೆ ಬಂದು ನಿಲ್ಲುತ್ತವೆ.

ಹಾಗಾಗಿ ನನಗೆ ಬೇಕಾದದ್ದು ಬೇರೆ. ಒಂದು ಎಲೆಯಲ್ಲಿ ಎಷ್ಟು ಕಿರು ಎಲೆ? ತುದಿಯಲ್ಲಿ ಒಂಟಿ ಕಿರು ಎಲೆ ಇದೆಯಾ, ಜೋಡಿಯಲ್ಲೇ ಮುಗಿಯುತ್ತದಾ? ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ ಏನಿದೆ? ಹೂವಿನ ಬುಡದ ಹಸಿರು ಬಟ್ಟಲು, ಪಾಠದಲ್ಲಿ ಪುಷ್ಪಪಾತ್ರೆ ಅಂತ ಬರುತ್ತದಲ್ಲ, ಅದು ಹೇಗಿದೆ? ಎಲ್ಲಕ್ಕಿಂತ ಹೆಚ್ಚಾಗಿ, ಕಾಯಿ ಎಲ್ಲಿ? ಹಾಕಿದ ಮೂರು ಫೋಟೋವೂ ಹೂವಿನ ಮುಖದ್ದೇ.

ಈಗಾಗಲೇ ಬಂದ ಊಹೆಗಳ ಬಗ್ಗೆ ಹೇಳುತ್ತೇನೆ. ನಾಚಿಕೆ ಮುಳ್ಳು ಅಮೆರಿಕ ಖಂಡದಿಂದ ಬಂದದ್ದು. ಅದರ ಉಂಡೆ ಹೂವಿನಲ್ಲಿ ಎದ್ದು ಕಾಣುವುದು ಕೇಸರ, ಎಸಳಲ್ಲ. ಅಲ್ಲಿ ದೋಣಿಯೂ ಇಲ್ಲ, ಪತಾಕೆಯೂ ಇಲ್ಲ. ಅಕ್ಕ ಹೇಳಿದ ತಜಂಕ್ ಅಂದರೆ ತಗಟೆ ಗಿಡ. ಅದರಲ್ಲಿ ಸಾಮಾನ್ಯವಾಗಿ ಮೂರು ಜೋಡಿ ಅಗಲದ ಕಿರು ಎಲೆ, ಹೂವಿನ ಐದು ಎಸಳೂ ಬಿಚ್ಚಿಕೊಂಡು ಹರಡಿರುತ್ತವೆ, ಕಾಯಿ ಉದ್ದ ಸಪೂರ. ಎರಡೂ ಈ ಫೋಟೋಕ್ಕೆ ಹೊಂದುವುದಿಲ್ಲ. ಹಳದಿ ನೆಲಗಡಲೆಯಲ್ಲಿ ನಾಲ್ಕೇ ಕಿರು ಎಲೆ. ಅಲೆವೂರಿನವರು ಎಲೆ ಎಣಿಸಿ ಹೇಳಿದರೆ ಅದು ಉಳಿಯುತ್ತದಾ ಹೋಗುತ್ತದಾ ಗೊತ್ತಾಗುತ್ತದೆ.

ಅಲೆವೂರಿನಿಂದ
ಧನ್ಯವಾದ ಸರ್. ನಾಳೆ ಬೆಳಿಗ್ಗೆ ಹೋಗಿ ನೋಡುತ್ತೇನೆ. ಒಂದು ಗಿಡ ಕಿತ್ತು ತರಲಾ?

ಮೂಡಬಿದ್ರೆ ಮೇಷ್ಟ್ರು
ಬೇಡ. ಒಂದು ಬಿಳಿ ಕಾಗದ ತೆಗೆದುಕೊಂಡು ಹೋಗಿ. ಕೊಂಬೆಯ ಹಿಂದೆ ಕಾಗದ ಹಿಡಿದು ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲು ಇರಲಿ. ಒಣಗಿದ ಹೂವು, ಬಾಡಿದ ಹೂವು ಸಿಕ್ಕಿದರೆ ಅದನ್ನು ಬಿಡಿಸಿ ನೋಡಿ. ಬೇಕಿದ್ದರೆ ಒಂದೇ ಒಂದು ಹೂವು ಕೊಯ್ಯಿರಿ, ಸಾಕು. ಗಿಡದ ಬುಡದಲ್ಲಿ ಮಣ್ಣು ಇರುವುದೇ ಕೆಲವು ಸೆಂಟಿಮೀಟರು. ಕಿತ್ತರೆ ಪಕ್ಕದ ನಾಲ್ಕು ಗಿಡವೂ ಮಣ್ಣಿನ ಸಮೇತ ಎದ್ದು ಬರುತ್ತವೆ.

ಪುತ್ತೂರು ನರ್ಸರಿ
ನಾನೂ ಕಾಯುತ್ತಿದ್ದೇನೆ. ನಮ್ಮಲ್ಲಿ ಇಂಥದ್ದೇ ಒಂದು ಹಳದಿ ಹೂ ಉಂಟು, ಎರಡೇ ಎಲೆ. ಅದೂ ನೆಲದ ಮೇಲೇ ಹರಡುವುದು.

ಮೂಡಬಿದ್ರೆ ಮೇಷ್ಟ್ರು
ನಿಮ್ಮದು ಜೋರ್ನಿಯಾ. ಒಂದು ತೊಟ್ಟಿಗೆ ಎರಡೇ ಕಿರು ಎಲೆ, ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತವೆ. ಹೂವಿನ ಎರಡು ಕಡೆ ಎರಡು ಎಲೆಯಂಥ ಹಾಳೆ, ನಡುವೆ ಹೂ. ಕಾಯಿಯ ಮೇಲೆ ಮುಳ್ಳು ಮುಳ್ಳು, ಬಟ್ಟೆಗೆ ಅಂಟುತ್ತದೆ. ಈ ಗುರುತು ಗೊತ್ತಿದ್ದರೆ ಯಾವ ಆ್ಯಪೂ ಬೇಡ.

ಅಲೆವೂರಿನಿಂದ
ಹೊಸ ಫೋಟೋ ಹಾಕಿದ್ದೇನೆ, ಒಟ್ಟು ಏಳು. ನೋಡಿದ್ದನ್ನು ಬರೆಯುತ್ತೇನೆ.

ಕಿರು ಎಲೆ ಜೋಡಿ ಜೋಡಿಯಾಗಿವೆ. ಕೆಲವು ಎಲೆಯಲ್ಲಿ ನಾಲ್ಕು ಜೋಡಿ, ಕೆಲವದರಲ್ಲಿ ಏಳು. ತುದಿಯಲ್ಲಿ ಒಂಟಿ ಎಲೆ ಇಲ್ಲ, ಅದರ ಬದಲು ಒಂದು ಸಣ್ಣ ಬಿರುಗೂದಲು ಇದೆ. ಕಿರು ಎಲೆಯ ಅಂಚಿನಲ್ಲೂ ಅಡಿಯ ನಡುನರದಲ್ಲೂ ಅದೇ ಥರದ ಬಿರುಸಾದ ಕೂದಲು. ಕಾಂಡ ಮಾತ್ರ ನುಣುಪು. ಎಲೆ ಕಾಂಡಕ್ಕೆ ಸೇರುವಲ್ಲಿ ಒಣ ಸಿಪ್ಪೆಯಂಥ ಎರಡು ತುಂಡು ಇವೆ, ಅವು ಮೇಲೂ ಚೂಪು, ಕೆಳಗೂ ಬಾಲ ಬಿಟ್ಟುಕೊಂಡಿವೆ. ಹೂ ಒಂದೊಂದು ಕಡೆ ಎರಡೋ ಮೂರೋ, ಗುಂಪು ಗುಂಪಾಗಿ ಇಲ್ಲ.

ಕಾಯಿ ಎಷ್ಟು ಹುಡುಕಿದರೂ ಹೊರಗೆ ಕಾಣಲಿಲ್ಲ. ಆಮೇಲೆ ಬಾಡಿದ ಹೂವಿನ ಬಟ್ಟಲನ್ನು ಉಗುರಿನಲ್ಲಿ ಬಿಡಿಸಿದೆ. ಒಳಗೆ ಕಾಯಿ ಇದೆ! ಸಣ್ಣ ಚಪ್ಪಟೆ ತುಂಡುಗಳು, ಸೀರೆಯ ನೆರಿಗೆ ಹಿಡಿದ ಹಾಗೆ ಒಂದರ ಮೇಲೊಂದು ಮಡಚಿ ಕೂತಿವೆ. ಐದನೇ ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಇಂಥದ್ದು ನಾನು ಯಾವ ಅವರೆಯಲ್ಲೂ ನೋಡಿಲ್ಲ.

ಮೂಡಬಿದ್ರೆ ಮೇಷ್ಟ್ರು
ಐದನೇ ಫೋಟೋ ನೋಡಿ ತುಂಬ ಖುಷಿಯಾಯಿತು. ಇದು ಸ್ಮಿಥಿಯಾ. ಸಂಶಯ ಇಲ್ಲ.

ಮಡಚಿದ ಕಾಯಿ ಬಟ್ಟಲಿನೊಳಗೇ ಅಡಗಿ ಕೂರುವುದು, ಜೋಡಿಯಲ್ಲಿ ಮುಗಿಯುವ ಎಲೆ, ತುದಿಯ ಬಿರುಗೂದಲು, ಕೆಳಕ್ಕೆ ಬಾಲ ಇರುವ ಆ ಒಣ ಸಿಪ್ಪೆ. ಇವು ನಾಲ್ಕೂ ಒಟ್ಟಿಗೆ ಬಂದರೆ ಬೇರೆ ಕಡೆ ಹುಡುಕುವ ಅಗತ್ಯ ಇಲ್ಲ. ಹೂವಿನ ಮುಖದ ನೂರು ಫೋಟೋ ಹೇಳದೆ ಇದ್ದದ್ದನ್ನು ಒಂದು ಬಾಡಿದ ಹೂ ಹೇಳಿತು.

ಸ್ಮಿಥಿಯಾ ಅನ್ನುವುದು ಕುಲದ ಹೆಸರು, 1789ರಲ್ಲಿ ಬಂದದ್ದು. ಲಂಡನ್ನಿನ ಕ್ಯೂ ತೋಟದ ವಿಲಿಯಂ ಐಟನ್ ಇಟ್ಟದ್ದು, ಲಿನ್ನಿಯನ್ ಸೊಸೈಟಿ ಕಟ್ಟಿದ ಜೇಮ್ಸ್ ಎಡ್ವರ್ಡ್ ಸ್ಮಿತ್ ಅವರ ನೆನಪಿಗೆ. ಆಗ ಮೊದಲು ವರ್ಣಿಸಿದ ಜಾತಿಯೇ ಸ್ಮಿಥಿಯಾ ಸೆನ್ಸಿಟಿವಾ. ಪ್ರಪಂಚದಲ್ಲಿ ಇರುವುದು ಇಪ್ಪತ್ತರ ಆಸುಪಾಸು ಜಾತಿ, ಎಲ್ಲವೂ ಆಫ್ರಿಕಾ, ಮಡಗಾಸ್ಕರ್, ಏಷ್ಯಾ ಕಡೆಯವು. ನಮ್ಮ ಪಶ್ಚಿಮ ಘಟ್ಟದಲ್ಲಿ ಅದರಲ್ಲಿ ಒಳ್ಳೆಯ ಪಾಲು ಉಂಟು. ಹಾಗಾಗಿ ಅಲೆವೂರಿನವರ ಮೊದಲ ಪ್ರಶ್ನೆಗೆ ಉತ್ತರ: ಹೌದು, ಊರಿನ ಗಿಡವೇ.

ಸುರತ್ಕಲ್ ಕ್ಯಾಮೆರಾ
ಸರ್, ಲೆನ್ಸ್ ಯಾಕೆ ನೆಲಗಡಲೆ ಅಂತು ಹಾಗಾದರೆ? ಏನಾದರೂ ಸಂಬಂಧ ಇದೆಯಾ?

ಮೂಡಬಿದ್ರೆ ಮೇಷ್ಟ್ರು
ಆ್ಯಪಿನ ಲೆಕ್ಕ ಬೇರೆ, ಅದು ಬಣ್ಣ ಮತ್ತು ಆಕಾರ ನೋಡುತ್ತದೆ. ಆದರೆ ಸಂಬಂಧ ಮಾತ್ರ ನಿಜವಾಗಿಯೂ ಇದೆ. ನೆಲಗಡಲೆ, ಸ್ಮಿಥಿಯಾ, ಪುತ್ತೂರಿನವರ ಜೋರ್ನಿಯಾ, ಇವೆಲ್ಲ ಡಾಲ್ಬರ್ಜಿಯೇ ಎನ್ನುವ ಒಂದೇ ಬಳಗ. ಅದೇ ಬಳಗದಲ್ಲಿ ಬೀಟೆ ಮರವೂ ಇದೆ, ಹೊನ್ನೆ ಮರವೂ ಇದೆ. ಮಂಚ, ಕಪಾಟು ಮಾಡಿಸುವ ಬೀಟೆಯ ನೆಂಟ ಪದವಿನ ಮೇಲೆ ಒಂದು ಗೇಣು ಎತ್ತರಕ್ಕೆ ಬೆಳೆದು ಮೂರು ನಾಲ್ಕು ತಿಂಗಳಲ್ಲಿ ಬದುಕು ಮುಗಿಸುತ್ತದೆ. ಮಕ್ಕಳಿಗೆ ನಾನು ಇದನ್ನು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷವೂ ಅವರು ನಂಬುವುದಿಲ್ಲ, ಕಾಯಿ ಬಿಡಿಸಿ ತೋರಿಸಬೇಕು.

ಇನ್ನೊಂದು ಮಾತು: ಮೇಲೆ ಬಂದ ತಗಟೆ, ನಾಚಿಕೆ ಮುಳ್ಳು, ಅವರೆ ಎಲ್ಲ ಒಂದೇ ಕುಟುಂಬ. ಹಳೆಯ ಪಠ್ಯದಲ್ಲಿ ಅದನ್ನು ಮೂರು ಉಪಕುಟುಂಬ ಮಾಡಿ ಕಲಿಸುತ್ತಿದ್ದರು. 2017ರಲ್ಲಿ ಡಿಎನ್‌ಎ ನೋಡಿ ಆರು ಮಾಡಿದ್ದಾರೆ. ಆದರೆ ಹೊಲದಲ್ಲಿ ನಿಂತು ಗುರುತಿಸುವವರಿಗೆ ದೋಣಿ ಎಸಳು ಇದೆಯಾ ಇಲ್ಲವಾ ಅನ್ನುವ ಪ್ರಶ್ನೆಯೇ ಇವತ್ತಿಗೂ ಮೊದಲಿನದು.

ಪಡುಬಿದ್ರಿ ಗದ್ದೆ
ನಮ್ಮ ಗದ್ದೆಯ ಬದುವಿನಲ್ಲೂ ಇಂಥದ್ದೇ ಎಲೆಯ ಗಿಡ ಉಂಟು. ಹೂ ಹಳದಿ. ಎಲೆ ಮುಟ್ಟಿದರೆ ಮಡಚುತ್ತದೆ. ಆದರೆ ಗಿಡ ಸೊಂಟದಷ್ಟು ಎತ್ತರ, ಕಾಂಡದ ಒಳಗೆ ಬೆಂಡು. ಅದೂ ಸ್ಮಿಥಿಯಾವಾ?

ಮೂಡಬಿದ್ರೆ ಮೇಷ್ಟ್ರು
ಅದು ಈಸ್ಕಿನೊಮಿನೆ, ಇಂಡಿಕಾ ಜಾತಿ ಇರಬೇಕು. ಸ್ಮಿಥಿಯಾದ ಜೊತೆ ಜಾಸ್ತಿ ಗೊಂದಲ ಆಗುವುದು ಇದರಲ್ಲೇ. ವ್ಯತ್ಯಾಸ ನೋಡಿ: ಅದರ ಒಂದು ಎಲೆಯಲ್ಲಿ ಕಿರು ಎಲೆ ನಲವತ್ತು ಐವತ್ತು ಇರುತ್ತವೆ. ಕಾಯಿ ಮಣಿ ಪೋಣಿಸಿದ ಹಾಗೆ ಗಂಟು ಗಂಟಾಗಿ, ನೇರವಾಗಿ ಹೊರಗೆ ಚಾಚಿಕೊಂಡಿರುತ್ತದೆ. ಬಟ್ಟಲಿನೊಳಗೆ ಮಡಚಿ ಕೂರುವುದೇ ಇಲ್ಲ. ಗದ್ದೆ, ತೋಡು, ಕೆಸರು ಅದರ ಜಾಗ. ಬಾಸಿಂಗ ಮಾಡಲು ಬಳಸುವ ಬೆಂಡು ಇದೇ ಕುಲದ ಇನ್ನೊಂದು ಜಾತಿಯದು, ಈಸ್ಕಿನೊಮಿನೆ ಆಸ್ಪೆರಾ.

ಮಲ್ಪೆ ಹುಡುಗಿ
ನನ್ನದೊಂದು ಅನುಮಾನ. ಗೀಸಾಸ್ಪಿಸ್ ಆಗಿರಲು ಸಾಧ್ಯ ಇಲ್ವಾ? ನಾನು ಎಂಎಸ್ಸಿ ಫೀಲ್ಡ್‌ವರ್ಕ್‌ನಲ್ಲಿ ಇದೇ ಥರದ ಮುರಕಲ್ಲು ಬಯಲಿನಲ್ಲಿ ಅದನ್ನು ನೋಡಿದ್ದೆ. ಅದರ ಕಾಯಿಯೂ ಹೊರಗೆ ಕಾಣುವುದಿಲ್ಲ.

ಮೂಡಬಿದ್ರೆ ಮೇಷ್ಟ್ರು
ಕೇಳಬೇಕಾದ ಪ್ರಶ್ನೆ ಇದು. ಗೀಸಾಸ್ಪಿಸ್‌ನಲ್ಲಿ ಕಾಯಿಯನ್ನು ಮುಚ್ಚುವುದು ಬಟ್ಟಲಲ್ಲ, ಹೂವಿನ ಪಕ್ಕದ ದುಂಡು ಹಾಳೆಗಳು. ಅವು ಒಂದರ ಮೇಲೊಂದು ಹೊದ್ದುಕೊಂಡು ಸಾಲಾಗಿ ಇರುತ್ತವೆ, ಅಂಚಿಗೆ ಉದ್ದ ಬಿರುಗೂದಲು. ದೂರದಿಂದ ನೋಡಿದರೆ ಹೂವಿಗಿಂತ ಆ ಹಾಳೆಯ ಸಾಲೇ ಮೊದಲು ಕಣ್ಣಿಗೆ ಬೀಳುತ್ತದೆ. ಎಲೆಯಲ್ಲಿ ಕಿರು ಎಲೆ ನಾಲ್ಕು. ಅಲೆವೂರಿನವರ ಗಿಡದಲ್ಲಿ ಏಳು ಜೋಡಿವರೆಗೆ ಇದೆ, ಹೊದಿಕೆಯ ಹಾಳೆ ಇಲ್ಲ. ಆದರೆ ನೀವು ಹೇಳಿದ್ದು ಒಳ್ಳೆಯದಾಯಿತು, ಅದೇ ಪದವಿನಲ್ಲಿ ಗೀಸಾಸ್ಪಿಸ್ ಕೂಡ ಇರಬಹುದು. ಹುಡುಕಿ.

ಮಲ್ಪೆ ಹುಡುಗಿ
ಹಾಗಾದರೆ ಜಾತಿ ಯಾವುದು ಸರ್? ಸೆನ್ಸಿಟಿವಾ, ಕಾನ್ಫರ್ಟಾ, ಹಿರ್ಸುಟಾ, ಎಲ್ಲವೂ ಹಳದಿ ಹೂವೇ. ಕುಲದ ಹೆಸರಿಗೆ ನಿಲ್ಲಿಸಿದರೆ ಅಲೆವೂರಿನವರ ಪಟ್ಟಿಗೆ ಅರ್ಧ ಉಪಯೋಗ ಮಾತ್ರ.

ಮೂಡಬಿದ್ರೆ ಮೇಷ್ಟ್ರು
ಜಾತಿಗೆ ಬಟ್ಟಲಿನ ನರ ನೋಡಬೇಕು. ಈ ಕುಲದಲ್ಲಿ ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ಬಟ್ಟಲು ಎರಡು ತುಟಿಯಾಗಿ ಸೀಳಿರುತ್ತದೆ. ಒಂದು ತುಟಿಯನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ನರಗಳು ಕವಲೊಡೆಯದೆ, ಒಂದರ ಪಕ್ಕ ಒಂದು ನೇರ ಗೆರೆಯಾಗಿ ತುದಿವರೆಗೆ ಹೋದರೆ ಒಂದು ಗುಂಪು. ಕವಲೊಡೆದು ಒಂದಕ್ಕೊಂದು ಸೇರಿ ಬಲೆಯಾದರೆ ಇನ್ನೊಂದು ಗುಂಪು. ಸೆನ್ಸಿಟಿವಾ ಮತ್ತು ಕಾನ್ಫರ್ಟಾ ನೇರ ನರದವು. ಹಿರ್ಸುಟಾ ಬಲೆ ನರದ್ದು, ಮೈತುಂಬ ರೋಮ, ಹೂವಿನ ಪತಾಕೆಯ ಬುಡದಲ್ಲಿ ಕೆಂಪು ಮಚ್ಚೆ. ಬಲೆ ನರದ ಗುಂಪಿನಲ್ಲೇ ನೇರಳೆ ಹೂವಿನ ಸ್ಮಿಥಿಯಾ ಪರ್ಪ್ಯೂರಿಯಾ ಕೂಡ ಬರುತ್ತದೆ. ಸಾತಾರದ ಕಾಸ್ ಪ್ರಸ್ಥಭೂಮಿಯಲ್ಲಿ ಜನ ಸಾಲುಗಟ್ಟಿ ನೋಡುವ ಹೂವುಗಳಲ್ಲಿ ಅದೂ ಒಂದು.

ಕಾನ್ಫರ್ಟಾದಲ್ಲಿ ಹೂಗಳು ಕೊಂಬೆಯ ತುದಿಯಲ್ಲಿ ಒತ್ತೊತ್ತಾಗಿ ಗುಂಪು ಕೂಡಿರುತ್ತವೆ. ಸೆನ್ಸಿಟಿವಾದಲ್ಲಿ ಎಲೆಯ ಕಂಕುಳಿನಿಂದ ಸಪೂರ ತೊಟ್ಟು ಹೊರಟು ಕೆಲವೇ ಹೂ. ನಿಮ್ಮ ಆರನೇ ಫೋಟೋದಲ್ಲಿ ಬಟ್ಟಲಿನ ನರ ಸ್ವಲ್ಪ ಕಾಣುತ್ತದೆ, ಆದರೆ ಮಸುಕು. ಇನ್ನೊಮ್ಮೆ ತೆಗೆಯಲು ಆಗುತ್ತದಾ?

ಅಲೆವೂರಿನಿಂದ
ಆಗುತ್ತದೆ. ಮೊಬೈಲಿನ ಟಾರ್ಚ್ ಮೇಲೆ ಬಟ್ಟಲನ್ನು ಇಟ್ಟು ತೆಗೆದೆ. ಎಂಟನೇ ಫೋಟೋ ನೋಡಿ. ಗೆರೆ ಎಲ್ಲ ನೇರ, ಒಂದಕ್ಕೊಂದು ಎಲ್ಲೂ ಸೇರುವುದಿಲ್ಲ. ಕಾಯಿಯಲ್ಲಿ ಐದು ತುಂಡು ಇವೆ, ಮೇಲ್ಮೈ ತುಂಬ ಸಣ್ಣ ಸಣ್ಣ ಗುಳ್ಳೆ.

ಮೂಡಬಿದ್ರೆ ಮೇಷ್ಟ್ರು
ಸರಿಯಾಯಿತು. ನೇರ ನರ, ಕಂಕುಳಿನಲ್ಲಿ ಎರಡು ಮೂರು ಹೂ, ನುಣುಪು ಕಾಂಡ, ನಾಲ್ಕರಿಂದ ಆರು ತುಂಡಿನ ಗುಳ್ಳೆ ಕಾಯಿ. ಸ್ಮಿಥಿಯಾ ಸೆನ್ಸಿಟಿವಾ. ಪಟ್ಟಿಯಲ್ಲಿ ಹಾಗೇ ಬರೆಯಿರಿ.

ಮಲ್ಪೆ ಹುಡುಗಿ
ನಾನೂ ಒಪ್ಪುತ್ತೇನೆ. ಗಿಡ, ಪ್ರಾಣಿಗಳ ಫೋಟೋ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೂ ಹಾಕಿ. ಎಂಟೂ ಫೋಟೋ ಒಂದೇ ದಾಖಲೆಯಲ್ಲಿ ಇರಲಿ, ಮುಖ್ಯವಾಗಿ ಬಟ್ಟಲು ಮತ್ತು ಕಾಯಿ. ಅಲ್ಲಿ ಹೂವಿನ ಫೋಟೋ ಮಾತ್ರ ಹಾಕಿ ಕುಲದ ಹಂತದಲ್ಲೇ ನಿಂತುಹೋದ ಸ್ಮಿಥಿಯಾ ದಾಖಲೆಗಳನ್ನು ನೋಡಿ ನನಗೆ ಬೇಸರವಾಗಿದೆ.

ಚೆಂಬೂರಿನಿಂದ
ನಾನು ಮೂಲತಃ ಶಿರ್ವದವನು, ಈಗ ಮುಂಬೈ. ಫೋಟೋ ನೋಡಿದ ಕೂಡಲೇ ಮನೆಯವಳು "ಇದು ಕವಳಾ" ಅಂದಳು. ಇಲ್ಲಿ ಶ್ರಾವಣದಲ್ಲಿ ಮಾರ್ಕೆಟಿನ ಹೊರಗೆ ಕಾಡುಸೊಪ್ಪು ಮಾರುವ ಹೆಂಗಸರು ಕವಳಾ ಅಂತ ಕಟ್ಟು ಕಟ್ಟಿ ಕೊಡುತ್ತಾರೆ. ಎಳೆ ಸೊಪ್ಪು, ಈರುಳ್ಳಿ ಹಾಕಿ ಪಲ್ಯ ಮಾಡುತ್ತಾರೆ. ಕೊಂಕಣದವರಿಗೆ ಅದು ಮಳೆಗಾಲದ ತಿಂಡಿ. ನಮ್ಮ ಊರಲ್ಲಿ ಯಾರೂ ತಿಂದದ್ದು ನನಗೆ ನೆನಪಿಲ್ಲ. ಇದೇ ಗಿಡವಾ ಅದು?

ಮೂಡಬಿದ್ರೆ ಮೇಷ್ಟ್ರು
ಹೌದು, ಮಹಾರಾಷ್ಟ್ರದ ಕವಳಾ ಸ್ಮಿಥಿಯಾ ಸೆನ್ಸಿಟಿವಾವೇ.

ಬೆಳ್ಮಣ್ ತೋಟ
ಓಹೋ, ಹಾಗಾದರೆ ಈ ಆದಿತ್ಯವಾರ ಪದವಿಗೆ ಹೋಗಿ ಒಂದು ಬುಟ್ಟಿ ತರಬಹುದು.

ಮಲ್ಪೆ ಹುಡುಗಿ
ದಯವಿಟ್ಟು ಫೋಟೋ ನೋಡಿ ಸೊಪ್ಪು ಕೊಯ್ಯಬೇಡಿ ಅಣ್ಣ. ಹೂ ಇಲ್ಲದ ಎಳೆ ಗಿಡದಲ್ಲಿ ಬಟ್ಟಲೂ ಇಲ್ಲ, ಕಾಯಿಯೂ ಇಲ್ಲ. ನಾವು ಇಲ್ಲಿ ಇಷ್ಟು ಹೊತ್ತು ಮಾತಾಡಿದ ಗುರುತುಗಳಲ್ಲಿ ಅರ್ಧ ಹೋಯಿತು. ಅದೇ ಪದವಿನಲ್ಲಿ ಹಳದಿ ಹೂವಿನ ಗಿಲಿಗಿಲಿ ಗಿಡವೂ ಇರುತ್ತದೆ, ಅದೇ ಒಣಗಿದ ಕಾಯಿ ಅಲ್ಲಾಡಿಸಿದರೆ ಸದ್ದು ಬರುತ್ತದಲ್ಲ, ಕ್ರೊಟಲೇರಿಯಾ. ಅದರಲ್ಲಿ ಪಿತ್ತಜನಕಾಂಗಕ್ಕೆ ಹಾನಿ ಮಾಡುವ ವಿಷ ಇದೆ. ದನಗಳು ತಿಂದು ಸತ್ತದ್ದುಂಟು. ಕವಳಾ ಮಾರುವ ಹೆಂಗಸರು ಅಮ್ಮನ ಕೈಹಿಡಿದು ಹೋಗಿ ಕಲಿತವರು, ಅವರ ಕಣ್ಣು ಬೇರೆ.

ಸುರತ್ಕಲ್ ಕ್ಯಾಮೆರಾ
ಗಿಲಿಗಿಲಿ ಗಿಡದ ವಿಷಕ್ಕೇ ಚಿಟ್ಟೆ ಬರುವುದು. ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳ ಗಂಡುಗಳು ಒಣಗಿದ ಎಲೆ, ಕಾಯಿಯನ್ನು ಕೆರೆದು ಕೆರೆದು ರಸ ಹೀರುತ್ತವೆ. ಆ ವಿಷದಿಂದಲೇ ಹೆಣ್ಣನ್ನು ಸೆಳೆಯುವ ವಾಸನೆ ಮಾಡಿಕೊಳ್ಳುತ್ತವೆ. ಒಂದು ಗಿಡದ ಮೇಲೆ ಹತ್ತಾರು ಕೂತದ್ದನ್ನು ನಾನೇ ತೆಗೆದಿದ್ದೇನೆ, ಬೇಕಿದ್ದರೆ ಬೇರೆ ಚರ್ಚೆಯಲ್ಲಿ ಹಾಕುತ್ತೇನೆ.

ಬೆಳ್ಮಣ್ ತೋಟ
ಆಯ್ತು, ಸೊಪ್ಪು ಬೇಡ. ಇಲ್ಲೇ ಇನ್ನೊಂದು ಕೇಳಿಬಿಡುತ್ತೇನೆ. ರಬ್ಬರ್ ತೋಟದ ಬೇಲಿಯಲ್ಲಿ ತಿಳಿ ನೇರಳೆ ಬಣ್ಣದ ದೊಡ್ಡ ಹೂ, ಬಳ್ಳಿ, ಶಂಖಪುಷ್ಪದ ಹಾಗೇ ಕಾಣುತ್ತದೆ. ಎಲ್ಲ ಕಡೆ ಹಬ್ಬಿದೆ. ಅದೂ ಊರಿನದ್ದಾ?

ಮೂಡಬಿದ್ರೆ ಮೇಷ್ಟ್ರು
ಅದು ಸೆಂಟ್ರೊಸೀಮಾ. ಅಮೆರಿಕ ಖಂಡದ್ದು, ತೋಟದ ನೆಲ ಮುಚ್ಚಲು ತಂದು ಹಾಕಿದ್ದು ಈಗ ಬೇಲಿ ಬೇಲಿಗೂ ಹತ್ತಿದೆ. ಹೂ ತಲೆಕೆಳಗಾಗಿ ಇರುತ್ತದೆ, ಪತಾಕೆ ಎಸಳು ಕೆಳಗೆ ಬಂದಿರುತ್ತದೆ. ಶಂಖಪುಷ್ಪವೂ ಹಾಗೇ, ಅದಕ್ಕೇ ಗೊಂದಲ. ಎಲೆ ಎಣಿಸಿ: ಸೆಂಟ್ರೊಸೀಮಾಕ್ಕೆ ಮೂರು ಕಿರು ಎಲೆ, ಶಂಖಪುಷ್ಪಕ್ಕೆ ಐದು ಅಥವಾ ಏಳು. ಸೆಂಟ್ರೊಸೀಮಾದ ಪತಾಕೆಯ ಬೆನ್ನಿನಲ್ಲಿ, ಬುಡದ ಹತ್ತಿರ, ಒಂದು ಪುಟ್ಟ ಕೊಂಬು ಇರುತ್ತದೆ. ಬೆರಳಲ್ಲಿ ಮುಟ್ಟಿದರೆ ಗೊತ್ತಾಗುತ್ತದೆ.

ಕಟಪಾಡಿ ಅಕ್ಕ
ನಮ್ಮ ಅಮ್ಮ ಶ್ರಾವಣದ ಚೂಡಿ ಪೂಜೆಗೆ ಹೂ ಕೊಯ್ಯಲು ಪದವಿಗೇ ಹೋಗುತ್ತಿದ್ದರು. ಸಣ್ಣ ಸಣ್ಣ ಹೂ, ಗರಿಕೆ, ಚಿಗುರು ಎಲ್ಲ ಸೇರಿಸಿ ಬಾಳೆನಾರಿನಲ್ಲಿ ಕಟ್ಟುವುದು. ಈಗ ಚೂಡಿ ರಥಬೀದಿಯಲ್ಲಿ ಕಟ್ಟಿದ್ದೇ ಸಿಗುತ್ತದೆ, ನಾವು ಕೊಂಡು ತರುತ್ತೇವೆ. ಪದವು ಅಂದರೆ ಖಾಲಿ ಜಾಗ ಅಂತ ಎಲ್ಲರೂ ಹೇಳುತ್ತಾರೆ. ಏಪ್ರಿಲ್‌ನಲ್ಲಿ ನೋಡಿದರೆ ಹೌದು, ಕಪ್ಪು ಕಲ್ಲು, ಒಣ ಹುಲ್ಲು. ಆದರೆ ಸೋಣ ತಿಂಗಳಲ್ಲಿ, ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ, ಒಮ್ಮೆ ಹೋಗಿ ನೋಡಿದವರು ಹಾಗೆ ಹೇಳಲಾರರು.

ಅಲೆವೂರಿನಿಂದ
ಅಕ್ಕ, ನೀವು ಹೇಳಿದ್ದೇ ನನ್ನ ಸಂಕಟ. ಸೈಟು ಅಳೆಯಲು ಬಂದವರು ಬೇಸಿಗೆಯಲ್ಲಿ ಬಂದರು. ಅವರ ಕಾಗದದಲ್ಲಿ ಅದು ಪಾಳು ಜಮೀನು.

ಮೂಡಬಿದ್ರೆ ಮೇಷ್ಟ್ರು
ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆ ಇರಲಿ.

ನಮ್ಮ ಕರಾವಳಿಗೆ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪದವಿನ ಮೇಲೆ ಮುರಕಲ್ಲಿನ ಗಟ್ಟಿ ಪದರ, ಮಣ್ಣು ತೆಳು. ಹಾಗಾಗಿ ನಾಲ್ಕು ತಿಂಗಳು ನೀರು ನಿಲ್ಲುತ್ತದೆ, ಉಳಿದ ತಿಂಗಳು ಸುಡುತ್ತದೆ. ದೊಡ್ಡ ಮರ ಅಲ್ಲಿ ಬೇರು ಬಿಡಲು ಆಗುವುದಿಲ್ಲ. ಕಾಡಿನಲ್ಲಿ ನೆರಳಿಗೆ ಸೋಲುವ ಸಣ್ಣ ಗಿಡಗಳಿಗೆ ಇದೇ ಬೇಕು. ಮಳೆಗೆ ಮೊಳೆತು, ಸೋಣಕ್ಕೆ ಹೂ ಬಿಟ್ಟು, ನವೆಂಬರ್ ಒಳಗೆ ಬೀಜ ಬಿದ್ದು ಮುಗಿಯಬೇಕು.

ಮಣ್ಣು ತೆಳು ಮಾತ್ರ ಅಲ್ಲ, ಸಾರಜನಕವೂ ಕಮ್ಮಿ. ಅದಕ್ಕೆ ಅಲ್ಲಿ ಎರಡು ಥರದ ಗಿಡ ಎದ್ದು ಕಾಣುತ್ತವೆ. ಒಂದು, ಹುಳ ಹಿಡಿದು ಹೊಟ್ಟೆ ತುಂಬಿಸಿಕೊಳ್ಳುವವು. ನೀರಿನ ಅಂಚಿನಲ್ಲಿ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ, ಅಂಟು ಹನಿಯ ಡ್ರೊಸೆರಾ. ಇನ್ನೊಂದು, ಸ್ಮಿಥಿಯಾದಂಥ ಅವರೆ ಬಳಗದವು. ಇವುಗಳ ಬೇರಿನಲ್ಲಿ ಸಣ್ಣ ಗಂಟುಗಳು ಇರುತ್ತವೆ, ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ. ಗಂಟನ್ನು ಕತ್ತರಿಸಿದರೆ ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಗಿಡ ಒಣಗಿ ಸೇರಿದಾಗ ಆ ಸಾರ ಮಣ್ಣಿಗೂ ಸೇರುತ್ತದೆ, ಪಕ್ಕದ ಹುಲ್ಲಿಗೂ ಸಿಗುತ್ತದೆ.

ಪದವಿನಲ್ಲಿ ಅಕೇಶಿಯಾ ನೆಟ್ಟರೆ ಹಸಿರಾಯಿತು ಅಂತ ಕೆಲವರು ಸಂತೋಷ ಪಡುತ್ತಾರೆ. ಅಕೇಶಿಯಾವೂ ಇದೇ ಕುಟುಂಬದ್ದು, ಆದರೆ ಆಸ್ಟ್ರೇಲಿಯಾ ಕಡೆಯದು. ಅದರ ದಪ್ಪ ಎಲೆ ಕೆಳಗೆ ಬಿದ್ದು ಹಾಸಿಕೊಂಡರೆ, ಮೇಲೆ ನೆರಳೂ ಬಂದರೆ, ಬಯಲಿನ ಸಣ್ಣ ಗಿಡಕ್ಕೆ ಜಾಗವೇ ಇಲ್ಲ. ಕೆಂಪುಕಲ್ಲಿನ ಕೋರೆಯ ಬಗ್ಗೆ ನಾನು ಹೇಳುವುದೇ ಬೇಡ, ನಮ್ಮೆಲ್ಲರ ಮನೆಯ ಗೋಡೆಯೂ ಅದರದ್ದೇ. ಆದರೂ ಎಲ್ಲ ಪದವುಗಳನ್ನೂ ಕೊರೆಯಬೇಕಾಗಿಲ್ಲ.

ಸುರತ್ಕಲ್ ಕ್ಯಾಮೆರಾ
ಇಲ್ಲಿನ ಗಿಡಗಳ ದಾಖಲೆ ಹಳೆಯದು ಇದೆಯಾ ಸರ್? ಮೊದಲು ಎಲ್ಲೆಲ್ಲಿ ಇತ್ತು ಅಂತ ತಿಳಿಯಲು?

ಮೂಡಬಿದ್ರೆ ಮೇಷ್ಟ್ರು
ಇದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಆ ಮಿಷನಿನ ಮೆಟ್ಜ್ ಎಂಬವರು ಮಂಗಳೂರಿನ ಸುತ್ತ ಕೊಯ್ದು ಒಣಗಿಸಿದ ಗಿಡಗಳನ್ನು ಹೋಹೆನಾಕರ್ ಅನ್ನುವವರು ಜರ್ಮನಿಯಿಂದ ಯುರೋಪಿನ ಹರ್ಬೇರಿಯಂಗಳಿಗೆ, ಅಂದರೆ ಒಣ ಗಿಡಗಳನ್ನು ಕಾಪಾಡಿ ಇಡುವ ಸಂಗ್ರಹಗಳಿಗೆ, ಹಂಚಿದರು. ಮಂಗಳೂರಿನ ಹೆಸರು ಬರೆದ ಆ ಹಾಳೆಗಳು ಇವತ್ತಿಗೂ ಅಲ್ಲಿ ಇವೆ, ಕೆಲವನ್ನು ಇಂಟರ್ನೆಟ್ಟಿನಲ್ಲೇ ನೋಡಬಹುದು. ನಮ್ಮ ಕಾಲಕ್ಕೆ ಬಂದರೆ ಡಾ. ಕೆ. ಗೋಪಾಲಕೃಷ್ಣ ಭಟ್ಟರ "ಫ್ಲೋರಾ ಆಫ್ ಉಡುಪಿ" 2003ರಲ್ಲಿ ಬಂತು. ಜಿಲ್ಲೆಯ ಗಿಡ ಗುರುತಿಸುವವರು ಅದನ್ನು ತೆರೆದಿಟ್ಟುಕೊಂಡೇ ಕೂರಬೇಕು, ಅಷ್ಟು ಕೆಲಸ ಮಾಡಿದ್ದಾರೆ. ಕಾಲೇಜು ಲೈಬ್ರರಿಯಲ್ಲಿ ಕೇಳಿ.

ಪುತ್ತೂರು ನರ್ಸರಿ
ಸೈಟು ಆಗುವುದು ಖಚಿತ ಅಂದರೆ ಬೀಜ ತೆಗೆದಿಡಬಹುದಲ್ಲ? ನಾನು ಒಂದು ತಟ್ಟೆಯಲ್ಲಿ ಹಾಕಿ ನೋಡುತ್ತೇನೆ. ಎಂತ ಮಾಡಬೇಕು ಹೇಳಿ.

ಮೂಡಬಿದ್ರೆ ಮೇಷ್ಟ್ರು
ಜಾಗದವರನ್ನು ಒಂದು ಮಾತು ಕೇಳಿ, ಆಮೇಲೆ ತೆಗೆಯಿರಿ. ಬಟ್ಟಲು ಕಂದು ಬಣ್ಣಕ್ಕೆ ತಿರುಗಿ ಕಾಗದದ ಹಾಗೆ ಸದ್ದು ಮಾಡುವಾಗ ಒಳಗಿನ ಕಾಯಿ ಬಲಿತಿರುತ್ತದೆ. ಮುಟ್ಟಿದರೆ ತುಂಡು ತುಂಡಾಗಿ ಉದುರುತ್ತದೆ, ಒಂದು ತುಂಡಿಗೆ ಒಂದು ಬೀಜ. ಒಂದೇ ಗಿಡದಿಂದ ಎಲ್ಲ ತೆಗೆಯಬೇಡಿ, ಹತ್ತು ಗಿಡದಿಂದ ಸ್ವಲ್ಪ ಸ್ವಲ್ಪ ಇರಲಿ. ಈ ಕುಟುಂಬದ ಬೀಜಗಳಿಗೆ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದಿಲ್ಲ. ಹಾಕುವ ಮೊದಲು ಮರಳು ಕಾಗದದಲ್ಲಿ ಲಘುವಾಗಿ ಉಜ್ಜಿ. ಗೊಬ್ಬರದ ಮಣ್ಣು ಬೇಡ. ಮುರಕಲ್ಲಿನ ಪುಡಿ, ಸ್ವಲ್ಪ ಮರಳು, ಆ ಪದವಿನದ್ದೇ ಒಂದು ಹಿಡಿ ಮಣ್ಣು. ಬೇರಿನ ಗಂಟಿನ ಬ್ಯಾಕ್ಟೀರಿಯಾ ಆ ಹಿಡಿ ಮಣ್ಣಿನ ಜೊತೆ ಬರುತ್ತದೆ.

ಮಲ್ಪೆ ಹುಡುಗಿ
ತಟ್ಟೆಯಲ್ಲಿ ಬೆಳೆದರೆ ಒಂದು ಗಿಡ ಉಳಿಯಿತು. ಪದವಿನಲ್ಲಿ ಅದರ ಜೊತೆ ಇದ್ದ ಮೂವತ್ತು ನಲವತ್ತು ಗಿಡ, ದುಂಬಿ, ಕಪ್ಪೆ ಉಳಿಯುವುದಿಲ್ಲ. ಬೀಜ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಅಲೆವೂರಿನವರೇ, ಪಟ್ಟಿ ಮೊದಲು ಆಗಲಿ. ಪಂಚಾಯತಿಗೆ ಕೊಡುವ ಕಾಗದಕ್ಕೆ ಹೆಸರು, ದಿನಾಂಕ, ಫೋಟೋ ಇದ್ದರೆ ತೂಕ ಬೇರೆ. ಗ್ರಾಮದ ಜೀವವೈವಿಧ್ಯ ಸಮಿತಿ ಅಂತ ಒಂದಿರುತ್ತದೆ, 2002ರ ಕಾಯ್ದೆಯಲ್ಲೇ ಇದೆ. ಅವರು ದಾಖಲಾತಿ ಪುಸ್ತಕ ಇಡಬೇಕು. ಅದಕ್ಕೆ ಸೇರಿಸಿ ಅಂತ ಕೇಳಬಹುದು.

ಅಲೆವೂರಿನಿಂದ
ಅದು ನನಗೆ ಗೊತ್ತಿರಲಿಲ್ಲ, ತುಂಬ ಉಪಕಾರ ಆಯಿತು. ಸೋಮವಾರ ಪಂಚಾಯತಿಗೆ ಹೋಗಿ ವಿಚಾರಿಸುತ್ತೇನೆ. ಜಾಗದ ಒಂದು ಮೂಲೆ, ನೀರು ನಿಲ್ಲುವ ಭಾಗ, ಅಲ್ಲಿ ಮನೆ ಕಟ್ಟುವುದು ಹೇಗೂ ಕಷ್ಟ. ಅದನ್ನು ಪಾರ್ಕಿಗೆ ಬಿಡುವ ಜಾಗ ಅಂತ ತೋರಿಸಿ ಹಾಗೇ ಉಳಿಸಲು ಆಗುತ್ತದಾ ಅಂತ ಕೇಳುವವನಿದ್ದೇನೆ. ಆದಿತ್ಯವಾರ ಬೆಳಿಗ್ಗೆ ಯಾರಾದರೂ ಜೊತೆಗೆ ಬರುತ್ತೀರಾ? ಒಬ್ಬನೇ ಎಲ್ಲ ಗಿಡ ನೋಡಿ ಮುಗಿಯುವುದಿಲ್ಲ.

ಸುರತ್ಕಲ್ ಕ್ಯಾಮೆರಾ
ನಾನು ಬರುತ್ತೇನೆ. ಮ್ಯಾಕ್ರೋ ಲೆನ್ಸ್ ಉಂಟು.

ಕಟಪಾಡಿ ಅಕ್ಕ
ನಾನೂ ಮಗಳೂ ಬರುತ್ತೇವೆ. ಅಮ್ಮ ಚೂಡಿಗೆ ಕೊಯ್ಯುತ್ತಿದ್ದ ಹೂಗಳಲ್ಲಿ ಯಾವುದೆಲ್ಲ ಅಲ್ಲಿ ಉಂಟು ಅಂತ ನಾನು ಗುರುತಿಸಬಲ್ಲೆ.

ಮೂಡಬಿದ್ರೆ ಮೇಷ್ಟ್ರು
ಎಂಟು ಗಂಟೆಗೆ ಮಣಿಪಾಲ ಬಸ್‌ಸ್ಟ್ಯಾಂಡ್ ಹತ್ತಿರ ಸೇರೋಣ. ಬೆಳಗ್ಗೆಯೇ ಹೋಗಬೇಕು, ಹೂ ಚೆನ್ನಾಗಿ ಬಿಚ್ಚಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ನನ್ನ ಹತ್ತಿರ ಎರಡು ಇವೆ. ನೀವು ಬಿಳಿ ಕಾಗದ, ಸ್ಕೇಲು, ಪೆನ್ಸಿಲ್ ತನ್ನಿ. ಪೆನ್ ಬೇಡ, ಮಳೆಗೆ ಅಳಿಸಿ ಹೋಗುತ್ತದೆ. ನೀರು ನಿಂತ ಕಡೆ ಕಲ್ಲು ಜಾರುತ್ತದೆ, ಚಪ್ಪಲಿಗೆ ಹಿಡಿತ ಇರಲಿ. ಸ್ಮಿಥಿಯಾ ಇರುವ ಅಂಚಿನಿಂದ ಶುರು ಮಾಡಿ ನೀರಿನ ಕಡೆಗೆ ಹೋಗೋಣ, ಗೀಸಾಸ್ಪಿಸ್ ಇದ್ದರೆ ಅಲ್ಲೇ ಸಿಗಬೇಕು.